ಮೂತ್ರದಲ್ಲಿ ಅಫೀಮಿನ ಅಂಶ: ವರದಿಯನ್ನು ನಂಬುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ವರದಿಯ ಒಂದು ಸಾಲಿನಲ್ಲಿ 'ಓಪಿಯೇಟ್ಸ್ – ಪಾಸಿಟಿವ್' ಎಂದು ಅಚ್ಚಾಗಿರುತ್ತದೆ. ಅಷ್ಟನ್ನೇ ನೋಡಿ ಕೆಲಸದಿಂದ ತೆಗೆದುಹಾಕುವವರಿದ್ದಾರೆ, ರೋಗಿಯ ನೋವಿನ ಔಷಧವನ್ನು ನಿಲ್ಲಿಸುವ ವೈದ್ಯರಿದ್ದಾರೆ, ಮಗನ ಮೇಲೆ ಕೈಮಾಡುವ ತಂದೆಯರಿದ್ದಾರೆ. 'ನೆಗೆಟಿವ್' ಎಂದಿದ್ದರೂ ಅನಾಹುತ ತಪ್ಪಿದ್ದಲ್ಲ. ಅಪಾಯಕಾರಿ ಔಷಧವೊಂದು ದೇಹದಲ್ಲಿ ಇದ್ದರೂ ಪರೀಕ್ಷೆಗೆ ಅದು ಕಾಣದೇ ಹೋಗಿ, ಮನೆಯವರು ನೆಮ್ಮದಿಯಿಂದ ಮಲಗಿಬಿಡಬಹುದು.

ಪರೀಕ್ಷೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಗ್ಗವಾಗಿ, ಕೆಲವೇ ನಿಮಿಷಗಳಲ್ಲಿ ಸುಳಿವು ಕೊಡುವ ಒಳ್ಳೆಯ ಸಾಧನ ಅದು. ಆದರೆ ಅದು ಉತ್ತರಿಸುವುದು ಬಹಳ ಕಿರಿದಾದ ಒಂದು ಪ್ರಶ್ನೆಗೆ ಮಾತ್ರ: ಈ ಮೂತ್ರದಲ್ಲಿ ಮಾರ್ಫಿನ್ ಅನ್ನು ಹೋಲುವ ವಸ್ತು ನಿಗದಿತ ಮಟ್ಟಕ್ಕಿಂತ ಹೆಚ್ಚಾಗಿ ಇದೆಯೇ? ಏನನ್ನು ಸೇವಿಸಿದರು, ಎಷ್ಟು, ಯಾವಾಗ, ಏಕೆ, ಚಟವಿದೆಯೇ, ಈಗ ಅಮಲಿನಲ್ಲಿದ್ದಾರೆಯೇ ಎಂಬುದನ್ನು ಈ ಪರೀಕ್ಷೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹಾಗಾಗಿ ವರದಿ ಕೈಗೆ ಬಂದಾಗ ಯಾವ ಕ್ರಮದಲ್ಲಿ ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ರೋಗಿಗಳು, ಮನೆಯವರು, ಆಪ್ತಸಮಾಲೋಚಕರು, ಉದ್ಯೋಗದ ಪರೀಕ್ಷೆ ಎದುರಿಸುವವರು, ಎಲ್ಲರಿಗೂ ಇದು ಬೇಕಾದ ತಿಳಿವಳಿಕೆ.

ಮೊದಲು: ಯಾವ ಔಷಧವನ್ನು ಹುಡುಕಿದ್ದಾರೆ ಎಂದು ನೋಡಿ

ಗಸಗಸೆ ಗಿಡದ ಕಾಯಿಯ ಹಾಲಿನಿಂದ ನೇರವಾಗಿ ಸಿಗುವ ಮಾರ್ಫಿನ್ ಮತ್ತು ಕೋಡೀನ್‌ಗಳನ್ನು ಓಪಿಯೇಟ್ ಎನ್ನುತ್ತಾರೆ. ಮಾರ್ಫಿನ್‌ನಿಂದ ತಯಾರಾಗುವ ಹೆರಾಯಿನ್ ದೇಹದೊಳಗೆ ಮತ್ತೆ ಮಾರ್ಫಿನ್ ಆಗಿಯೇ ಒಡೆಯುವುದರಿಂದ ಪರೀಕ್ಷೆಯ ಮಟ್ಟಿಗೆ ಅದೂ ಇದೇ ಗುಂಪಿಗೆ ಸೇರುತ್ತದೆ. ಹೈಡ್ರೋಕೋಡೋನ್, ಹೈಡ್ರೋಮಾರ್ಫೋನ್, ಆಕ್ಸಿಕೋಡೋನ್, ಬುಪ್ರೆನಾರ್ಫಿನ್ ಅರೆಕೃತಕ ಔಷಧಗಳು. ಫೆಂಟನಿಲ್, ಮೆಥಡೋನ್, ಟ್ರಮಡಾಲ್, ಟಪೆಂಟಡಾಲ್, ಪೆಥಿಡಿನ್ ಪೂರ್ತಿ ಪ್ರಯೋಗಾಲಯದಲ್ಲಿ ಹುಟ್ಟಿದವು. ಓಪಿಯಾಯ್ಡ್ ಎಂಬ ಒಟ್ಟು ಹೆಸರಿನ ಇವೆಲ್ಲವೂ ಮಿದುಳಿನಲ್ಲಿ ಒಂದೇ ಬಗೆಯ ಗ್ರಾಹಕಗಳಿಗೆ ಅಂಟಿಕೊಂಡು ನೋವನ್ನು ತಗ್ಗಿಸುತ್ತವೆ. ರಾಸಾಯನಿಕ ರಚನೆ ಮಾತ್ರ ಬೇರೆ ಬೇರೆ.

ಇಲ್ಲಿಯೇ ಅತಿ ಹೆಚ್ಚು ಜನ ಎಡವುವುದು. ಸಾಮಾನ್ಯ 'ಓಪಿಯೇಟ್' ಪರೀಕ್ಷೆಯ ಪ್ರತಿಕಾಯಗಳನ್ನು (ನಿರ್ದಿಷ್ಟ ವಸ್ತುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳನ್ನು) ತಯಾರಿಸಿರುವುದು ಮಾರ್ಫಿನ್ ಅನ್ನು ಗುರುತಿಸಲೆಂದು. ಮಾರ್ಫಿನ್ ಮತ್ತು ಕೋಡೀನ್ ಅದಕ್ಕೆ ಚೆನ್ನಾಗಿ ಕಾಣುತ್ತವೆ. ಹೈಡ್ರೋಕೋಡೋನ್ ಮತ್ತು ಹೈಡ್ರೋಮಾರ್ಫೋನ್ ಒಂದು ಕಂಪನಿಯ ಕಿಟ್‌ಗೆ ಕಂಡರೆ ಇನ್ನೊಂದಕ್ಕೆ ಕಾಣದೇ ಹೋಗಬಹುದು. ಆಕ್ಸಿಕೋಡೋನ್ ಬಹಳ ದೊಡ್ಡ ಪ್ರಮಾಣದಲ್ಲಿದ್ದರೆ ಮಾತ್ರ ಕಂಡೀತು. ಫೆಂಟನಿಲ್, ಮೆಥಡೋನ್, ಟ್ರಮಡಾಲ್, ಬುಪ್ರೆನಾರ್ಫಿನ್ ಅದಕ್ಕೆ ಕಾಣುವುದೇ ಇಲ್ಲ. ಇವುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕ ಪರೀಕ್ಷೆ ಬೇಕು.

ಕ್ಯಾನ್ಸರ್ ನೋವಿಗೆಂದು ದಿನಕ್ಕೆರಡು ಬಾರಿ ಆಕ್ಸಿಕೋಡೋನ್ ನುಂಗುತ್ತಿರುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಕ್ಲಿನಿಕ್‌ನಲ್ಲಿ ಸಾಮಾನ್ಯ ಓಪಿಯೇಟ್ ಪರೀಕ್ಷೆ ಮಾಡುತ್ತಾರೆ, 'ನೆಗೆಟಿವ್' ಬರುತ್ತದೆ. ಔಷಧ ಬರೆದುಕೊಟ್ಟ ವೈದ್ಯರಿಗೆ ಮಾತ್ರೆಗಳು ಬೇರೆ ಯಾರಿಗೋ ಮಾರಾಟವಾಗುತ್ತಿವೆ ಎಂಬ ಅನುಮಾನ ಮೂಡುತ್ತದೆ. ಆಕೆ ಒಂದೂ ಮಾತ್ರೆ ತಪ್ಪಿಸಿಲ್ಲ. ತಪ್ಪಿದ್ದು ಪರೀಕ್ಷೆಯ ಆಯ್ಕೆ. ಇಂತಹ ಅನುಮಾನದಿಂದ ನೋವಿನ ಔಷಧ ನಿಂತುಹೋಗುವುದು ಕ್ರೌರ್ಯ, ಮತ್ತು ಅದನ್ನು ತಡೆಯಲು ಬೇಕಾದದ್ದು ವರದಿಯ ಒಂದು ಸಾಲನ್ನು ಸರಿಯಾಗಿ ಓದುವ ವ್ಯವಧಾನ ಮಾತ್ರ.

ಮನೆಯ ಕಿಟ್‌ನಲ್ಲಾದರೆ ಮೂತ್ರದಲ್ಲಿ ಅದ್ದುವ ಪ್ರತಿ ಪಟ್ಟಿಯ (ಸ್ಟ್ರಿಪ್) ನೆತ್ತಿಯ ಮೇಲೆ ಚಿಕ್ಕ ಅಕ್ಷರಗಳಿರುತ್ತವೆ. 'ಎಂಒಪಿ' ಅಥವಾ 'ಒಪಿಐ' ಎಂದಿದ್ದರೆ ಮಾರ್ಫಿನ್ ಗುಂಪು, 'ಒಎಕ್ಸ್‌ವೈ' ಎಂದರೆ ಆಕ್ಸಿಕೋಡೋನ್, 'ಎಂಟಿಡಿ' ಎಂದರೆ ಮೆಥಡೋನ್, 'ಬಿಯುಪಿ' ಎಂದರೆ ಬುಪ್ರೆನಾರ್ಫಿನ್, 'ಎಫ್‌ವೈಎಲ್' ಎಂದರೆ ಫೆಂಟನಿಲ್. ನಿಮಗೆ ತಿಳಿಯಬೇಕಾದ ಔಷಧದ ಗುರುತು ಪಟ್ಟಿಯ ಮೇಲೆ ಇಲ್ಲವೆಂದರೆ ಆ ಕಿಟ್‌ನ ನೆಗೆಟಿವ್ ನಿಮಗೆ ಏನನ್ನೂ ಹೇಳಿಲ್ಲ.

ಪಟ್ಟಿಯಲ್ಲಿ ಗೆರೆ ಮೂಡುವುದು ಹೇಗೆ ಎಂದು ತಿಳಿದುಕೊಳ್ಳಿ

ಪಟ್ಟಿಯ ತುದಿಯನ್ನು ಮೂತ್ರದಲ್ಲಿ ಅದ್ದಿದಾಗ ತೇವವು ನಸುಗೆಂಪು ಬಣ್ಣವನ್ನು ಹೊತ್ತುಕೊಂಡು ನಿಧಾನವಾಗಿ ಮೇಲೇರುತ್ತದೆ. ಆ ಬಣ್ಣದ ಕಣಗಳಿಗೆ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಪಟ್ಟಿಯ ಮಧ್ಯದಲ್ಲಿ, ಪರೀಕ್ಷೆಯ ಗೆರೆ ಮೂಡಬೇಕಾದ ಜಾಗದಲ್ಲಿ, ಔಷಧದ ಅಣುಗಳನ್ನು ಮೊದಲೇ ಕೂರಿಸಿರುತ್ತಾರೆ. ಪ್ರತಿಕಾಯವನ್ನು ಒಂದು ಕುರ್ಚಿ ಎಂದುಕೊಳ್ಳಿ. ಮೂತ್ರದಲ್ಲಿ ಔಷಧವಿದ್ದರೆ ಕುರ್ಚಿಗಳೆಲ್ಲ ದಾರಿಯಲ್ಲೇ ಭರ್ತಿಯಾಗುತ್ತವೆ, ಗೆರೆಯ ಜಾಗದಲ್ಲಿ ಕಾಯುತ್ತಿರುವ ಅಣುಗಳಿಗೆ ಖಾಲಿ ಕುರ್ಚಿ ಸಿಗುವುದಿಲ್ಲ, ಗೆರೆ ಮೂಡುವುದಿಲ್ಲ. ಔಷಧ ಇಲ್ಲದಿದ್ದರೆ ಕುರ್ಚಿಗಳು ಖಾಲಿಯಾಗಿಯೇ ಮುಂದೆ ಬಂದು ಅಲ್ಲಿ ತಂಗುತ್ತವೆ, ಬಣ್ಣದ ಗೆರೆ ಕಾಣುತ್ತದೆ.

ಅಂದರೆ ಗರ್ಭಧಾರಣೆಯ ಪರೀಕ್ಷೆಯನ್ನು ಓದಿ ಅಭ್ಯಾಸವಿರುವವರಿಗೆ ಇದು ತಿರುಗುಮುರುಗು. ಇಲ್ಲಿ ಗೆರೆ ಮೂಡಿದರೆ ನೆಗೆಟಿವ್, ಮೂಡದಿದ್ದರೆ ಪಾಸಿಟಿವ್. ಗೆರೆ ಎಷ್ಟೇ ಮಸುಕಾಗಿದ್ದರೂ ಅದು ನೆಗೆಟಿವ್. ಮಸುಕು ಗೆರೆಯನ್ನು 'ಸ್ವಲ್ಪ ಪಾಸಿಟಿವ್' ಎಂದು ಓದಿ ಮನೆಯಲ್ಲಿ ರಂಪವಾಗುವುದು ತೀರಾ ಸಾಮಾನ್ಯ. ಮೇಲೆ ಇನ್ನೊಂದು ನಿಯಂತ್ರಣ ಗೆರೆ ಇರುತ್ತದೆ. ಅದು ಮೂಡದಿದ್ದರೆ ಪಟ್ಟಿ ಕೆಲಸ ಮಾಡಿಲ್ಲ ಎಂದರ್ಥ, ಫಲಿತಾಂಶವನ್ನು ಎಣಿಸುವಂತೆಯೇ ಇಲ್ಲ, ಹೊಸ ಪಟ್ಟಿ ತೆಗೆದುಕೊಳ್ಳಬೇಕು.

ಪಟ್ಟಿಯನ್ನು ಗುರುತಿನ ಗೆರೆಗಿಂತ ಆಳವಾಗಿ ಅದ್ದಬಾರದು. ಅವಧಿ ಮುಗಿದ ಕಿಟ್ ಬೇಡ. ಓದುವ ಸಮಯವನ್ನು ಪೊಟ್ಟಣದ ಮೇಲೆ ಬರೆದಿರುತ್ತಾರೆ, ಹೆಚ್ಚಿನವುಗಳಲ್ಲಿ ಐದು ನಿಮಿಷ. ಆ ಅವಧಿ ಕಳೆದು ಪಟ್ಟಿ ಒಣಗಿದ ಮೇಲೆ ಕಾಣುವ ಅಥವಾ ಮರೆಯಾಗುವ ಗೆರೆಗಳಿಗೆ ಬೆಲೆಯಿಲ್ಲ. ಬೆಳಿಗ್ಗೆ ಅದ್ದಿದ ಪಟ್ಟಿಯನ್ನು ಸಂಜೆ ಕಸದ ಬುಟ್ಟಿಯಿಂದ ಎತ್ತಿ ನೋಡಿ ತೀರ್ಮಾನಕ್ಕೆ ಬರಬೇಡಿ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇದೇ ತತ್ವದ ಮೇಲೆ ಯಂತ್ರಗಳು ಕೆಲಸ ಮಾಡುತ್ತವೆ. ಯಂತ್ರದ ಓದು ಕಣ್ಣಿನ ಓದಿಗಿಂತ ನಂಬಿಕಸ್ತ. ಆದರೆ ಪ್ರತಿಕಾಯದ ಮಿತಿಗಳು ಅಲ್ಲಿಯೂ ಹಾಗೆಯೇ ಉಳಿಯುತ್ತವೆ.

ಕಟ್-ಆಫ್ ಅಂಕಿಯನ್ನು ಹುಡುಕಿ

ಪಾಸಿಟಿವ್ ಎಂದರೆ 'ಇದೆ', ನೆಗೆಟಿವ್ ಎಂದರೆ 'ಇಲ್ಲ' ಎಂದೇ ಎಲ್ಲರೂ ತಿಳಿಯುತ್ತಾರೆ. ನಿಜದಲ್ಲಿ ಅವು 'ಗೊತ್ತುಪಡಿಸಿದ ಮಟ್ಟಕ್ಕಿಂತ ಮೇಲೆ' ಮತ್ತು 'ಆ ಮಟ್ಟಕ್ಕಿಂತ ಕೆಳಗೆ' ಮಾತ್ರ. ಈ ಮಟ್ಟವನ್ನೇ ಕಟ್-ಆಫ್ ಎನ್ನುವುದು. ಅದನ್ನು ಒಂದು ಮಿಲಿಲೀಟರ್ ಮೂತ್ರದಲ್ಲಿ ಎಷ್ಟು ನ್ಯಾನೋಗ್ರಾಂ ಎಂದು ಅಳೆಯುತ್ತಾರೆ. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಭಾಗ.

ಓಪಿಯೇಟ್‌ಗಳಿಗೆ ಎರಡು ಕಟ್-ಆಫ್‌ಗಳು ಬಳಕೆಯಲ್ಲಿವೆ, 300 ಮತ್ತು 2000. ಅಮೆರಿಕದ ಸರ್ಕಾರಿ ಉದ್ಯೋಗ ಪರೀಕ್ಷೆಗಳಲ್ಲಿ ಮೊದಲು 300 ಇತ್ತು. ಗಸಗಸೆ ತಿಂದವರೂ, ವೈದ್ಯರು ಕೊಟ್ಟ ಕೋಡೀನ್ ಸೇವಿಸಿದವರೂ ಪಾಸಿಟಿವ್ ಬರುತ್ತಿದ್ದುದರಿಂದ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ಚಿಕಿತ್ಸೆಗೆ ಸಂಬಂಧಿಸಿದ ಪ್ರಯೋಗಾಲಯಗಳಲ್ಲಿ 300 ಈಗಲೂ ಸಾಮಾನ್ಯ. ಹೀಗಾಗಿ ಒಂದೇ ದಿನ ಒಂದೇ ಬಾಟಲಿಯಿಂದ ತೆಗೆದ ಮೂತ್ರ, 900 ನ್ಯಾನೋಗ್ರಾಂ ಇದ್ದರೆ, ಒಂದು ಕಡೆ ಪಾಸಿಟಿವ್, ಇನ್ನೊಂದು ಕಡೆ ನೆಗೆಟಿವ್. ಯಾರೂ ಸುಳ್ಳು ಹೇಳಿಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ.

ವರದಿಯಲ್ಲಿ ಕಟ್-ಆಫ್ ಬರೆದಿಲ್ಲವೆಂದರೆ ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿ. ಅದನ್ನು ಹೇಳುವುದು ಅವರ ಕೆಲಸ.

ಕೊನೆಯ ಸೇವನೆಯಿಂದ ಎಷ್ಟು ಹೊತ್ತಾಗಿದೆ?

ಮಾರ್ಫಿನ್ ಮತ್ತು ಕೋಡೀನ್ ಸಾಮಾನ್ಯವಾಗಿ ಎರಡು ಮೂರು ದಿನ ಮೂತ್ರದಲ್ಲಿ ಕಾಣುತ್ತವೆ. ಆಕ್ಸಿಕೋಡೋನ್ ಎರಡರಿಂದ ನಾಲ್ಕು ದಿನ. ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಒಂದು ವಾರದವರೆಗೂ, ದೀರ್ಘಕಾಲದ ಬಳಕೆಯಲ್ಲಿ ಅದಕ್ಕಿಂತ ಹೆಚ್ಚೂ ಉಳಿಯುತ್ತವೆ. ಇವೆಲ್ಲ ಸರಾಸರಿ ಲೆಕ್ಕ. ಮೂತ್ರಪಿಂಡ ಮತ್ತು ಪಿತ್ತಜನಕಾಂಗದ ಆರೋಗ್ಯ, ವಯಸ್ಸು, ಸೇವಿಸಿದ ಪ್ರಮಾಣ, ಎಷ್ಟು ಕಾಲದಿಂದ ಸೇವಿಸುತ್ತಿದ್ದಾರೆ ಎಂಬುದರ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ.

ಫೆಂಟನಿಲ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಮ್ಮೆ ಚುಚ್ಚಿಸಿಕೊಂಡವರಲ್ಲಿ ಅದು ಬೇಗ ಮರೆಯಾಗುತ್ತದೆ. ಆದರೆ ಅದು ಕೊಬ್ಬಿನಲ್ಲಿ ಕರಗುವ ವಸ್ತು. ದಿನವೂ ಬಳಸುತ್ತಿದ್ದವರ ದೇಹದ ಕೊಬ್ಬಿನಲ್ಲಿ ಸೇರಿಕೊಂಡು, ಬಿಟ್ಟ ಮೇಲೂ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೊರಬರಬಹುದು. ಚಿಕಿತ್ಸೆಗೆ ಸೇರಿ ನಿಷ್ಠೆಯಿಂದ ದೂರವಿರುವ ವ್ಯಕ್ತಿಯ ಮೂತ್ರ ಎರಡನೆಯ ವಾರದಲ್ಲೂ ಪಾಸಿಟಿವ್ ಬಂದರೆ 'ಮತ್ತೆ ಶುರು ಮಾಡಿದ್ದಾನೆ' ಎಂದು ಹೊರಗೆ ಹಾಕುವುದು ಅನ್ಯಾಯ. ಒಂದರ ಹಿಂದೆ ಒಂದು ಮಾದರಿಗಳಲ್ಲಿ ಪ್ರಮಾಣ ಇಳಿಯುತ್ತಿದೆಯೇ ಎಂದು ನೋಡಬೇಕು.

ಸೇವಿಸಿದ್ದೆಲ್ಲದರ ಪಟ್ಟಿ ಮಾಡಿ, ಪರೀಕ್ಷೆಗೆ ಮೊದಲೇ

ಮೂತ್ರ ಕೊಡುವ ಮೊದಲು ಕಳೆದ ಒಂದು ವಾರದಲ್ಲಿ ತೆಗೆದುಕೊಂಡದ್ದನ್ನೆಲ್ಲ ಹೆಸರು, ಪ್ರಮಾಣ, ಸಮಯ ಸಮೇತ ಬರೆದಿಡಿ. ಕೆಮ್ಮಿನ ಸಿರಪ್, ಶೀತದ ಮಾತ್ರೆ, ಆಂಟಿಬಯೋಟಿಕ್, ಹಲ್ಲು ಕೀಳಿಸಿದಾಗ ಕೊಟ್ಟ ನೋವಿನ ಮಾತ್ರೆ, ಶಸ್ತ್ರಚಿಕಿತ್ಸೆಯ ವೇಳೆ ಕೊಟ್ಟ ಚುಚ್ಚುಮದ್ದು, ಒಂದೂ ಬಿಡಬೇಡಿ. ಫಲಿತಾಂಶ ಬಂದ ಮೇಲೆ ಹೇಳಿದ ಮಾತು ನೆಪದಂತೆ ಕೇಳಿಸುತ್ತದೆ. ಮೊದಲೇ ಬರೆದುಕೊಟ್ಟದ್ದು ಮಾಹಿತಿಯಾಗಿ ಉಳಿಯುತ್ತದೆ.

ಇಲ್ಲಿ ಎರಡು ಬಗೆಯ ಸಂದರ್ಭಗಳನ್ನು ಬೇರ್ಪಡಿಸಬೇಕು. ಮೊದಲನೆಯದರಲ್ಲಿ ಮೂತ್ರದಲ್ಲಿ ನಿಜವಾಗಿಯೂ ಮಾರ್ಫಿನ್ ಇರುತ್ತದೆ, ಆದರೆ ಅದರ ಮೂಲ ಮಾದಕ ಸೇವನೆಯಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ ಹೀಗೆಯೇ. ಕೋಡೀನ್‌ನ ಒಂದು ಭಾಗವನ್ನು ಪಿತ್ತಜನಕಾಂಗದ ಕಿಣ್ವವೊಂದು ಮಾರ್ಫಿನ್ ಆಗಿ ಬದಲಾಯಿಸುತ್ತದೆ. ಆ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಚುರುಕು, ಕೆಲವರಲ್ಲಿ ಮಂದ. ಹಾಗಾಗಿ ಒಂದೇ ಸಿರಪ್ ಕುಡಿದ ಇಬ್ಬರ ವರದಿ ಒಂದೇ ಆಗಿರಬೇಕಾಗಿಲ್ಲ. ಗಸಗಸೆಯೂ ಇದೇ ಸಾಲಿಗೆ ಸೇರುತ್ತದೆ. ಬೀಜದೊಳಗೆ ಮಾರ್ಫಿನ್ ಇರುವುದು ಅತ್ಯಲ್ಪ. ಕಾಯಿಯ ಹಾಲು ಬೀಜದ ಹೊರಮೈಗೆ ಅಂಟಿಕೊಂಡಿರುತ್ತದೆ. ಬೆಳೆದ ಜಾಗ, ಕೊಯ್ದ ವಿಧಾನ, ತೊಳೆದದ್ದು, ಬಿಸಿ ಮಾಡಿದ್ದು ಇವುಗಳ ಮೇಲೆ ಅದರ ಪ್ರಮಾಣ ಎಷ್ಟೋ ಪಟ್ಟು ವ್ಯತ್ಯಾಸವಾಗುತ್ತದೆ. ಅದಕ್ಕಾಗಿಯೇ 'ಇಷ್ಟು ತಿಂದರೆ ತೊಂದರೆಯಿಲ್ಲ' ಎಂದು ಅಳತೆ ಹೇಳಲಾಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೇ ತನ್ನ ಸೈನಿಕರಿಗೆ ಗಸಗಸೆ ಇರುವ ತಿನಿಸುಗಳಿಂದ ದೂರವಿರಲು ಹೇಳಿತು. ಪರೀಕ್ಷೆ ಇದೆಯೆಂದು ಗೊತ್ತಿದ್ದರೆ ಕೆಲವು ದಿನ ಗಸಗಸೆಯನ್ನು ಪೂರ್ತಿಯಾಗಿ ಬಿಡುವುದೇ ಒಳ್ಳೆಯದು.

ಎರಡನೆಯ ಸಂದರ್ಭದಲ್ಲಿ ಮೂತ್ರದಲ್ಲಿ ಓಪಿಯೇಟ್ ಇರುವುದೇ ಇಲ್ಲ, ಬೇರೊಂದು ಔಷಧ ಪ್ರತಿಕಾಯವನ್ನು ಮೋಸಗೊಳಿಸಿರುತ್ತದೆ. ಇದೇ ನಿಜವಾದ ತಪ್ಪು ಪಾಸಿಟಿವ್. ಲಿವೋಫ್ಲಾಕ್ಸಸಿನ್ ಮತ್ತು ಓಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್‌ಗಳು, ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಇವು ಕೆಲವು ಕಂಪನಿಗಳ ಓಪಿಯೇಟ್ ಪರೀಕ್ಷೆಯಲ್ಲಿ ಪಾಸಿಟಿವ್ ತೋರಿಸುತ್ತವೆ. ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್, ರಕ್ತದೊತ್ತಡಕ್ಕೆ ಕೊಡುವ ವೆರಪಮಿಲ್ ಕೆಲವು ಮೆಥಡೋನ್ ಪರೀಕ್ಷೆಗಳನ್ನು ದಾರಿ ತಪ್ಪಿಸಿವೆ. ರಿಸ್ಪೆರಿಡೋನ್ ಕೆಲವು ಫೆಂಟನಿಲ್ ಪರೀಕ್ಷೆಗಳನ್ನು, ಟ್ರಮಡಾಲ್ ಕೆಲವು ಬುಪ್ರೆನಾರ್ಫಿನ್ ಪರೀಕ್ಷೆಗಳನ್ನು ತಪ್ಪಿಸಿದ್ದಿದೆ. ಒಂದು ಕಿಟ್‌ನಲ್ಲಿ ಆದದ್ದು ಇನ್ನೊಂದರಲ್ಲಿ ಆಗಬೇಕೆಂದಿಲ್ಲ. ಆದ್ದರಿಂದ ಬಳಸಿದ ಕಿಟ್ ಯಾವುದು, ಅದರ ಕೈಪಿಡಿಯಲ್ಲಿ ಯಾವ ಔಷಧಗಳ ಹೆಸರಿದೆ ಎಂದು ಕೇಳುವುದು ಜಾಣತನ. ಪರೀಕ್ಷೆ ಇದೆಯೆಂದು ಕ್ಷಯರೋಗದ ಮಾತ್ರೆಯನ್ನೋ ಮನೋರೋಗದ ಮಾತ್ರೆಯನ್ನೋ ನೀವಾಗಿಯೇ ನಿಲ್ಲಿಸುವುದು ಮಾತ್ರ ಖಂಡಿತ ಬೇಡ.

ಹೆರಿಗೆಯ ಸಂದರ್ಭವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದಿನಲ್ಲಿ ಫೆಂಟನಿಲ್ ಬೆರೆಸಿರುವುದು ಸಾಮಾನ್ಯ. ಆನಂತರ ತೆಗೆದ ತಾಯಿಯ ಮೂತ್ರದಲ್ಲೂ ಹಸುಗೂಸಿನ ಮೂತ್ರದಲ್ಲೂ ಫೆಂಟನಿಲ್ ಕಾಣಬಹುದು. ಆಸ್ಪತ್ರೆಯೇ ಕೊಟ್ಟ ಔಷಧಕ್ಕಾಗಿ ತಾಯಿಯೊಬ್ಬಳನ್ನು ಅನುಮಾನಿಸುವ ಪರಿಸ್ಥಿತಿ ಬರಬಾರದು. ಹೆರಿಗೆ ಕೋಣೆಯ ದಾಖಲೆಯನ್ನು ಮೊದಲು ತೆಗೆದು ನೋಡಿ, ಮಿಕ್ಕ ಮಾತು ಆಮೇಲೆ.

'ಡೈಲ್ಯೂಟ್' ಎಂದು ಬರೆದಿದ್ದರೆ

ಒಳ್ಳೆಯ ಪ್ರಯೋಗಾಲಯ ಔಷಧವನ್ನು ಹುಡುಕುವುದರ ಜೊತೆಗೆ ಮಾದರಿ ಸರಿಯಾಗಿದೆಯೇ ಎಂದೂ ನೋಡುತ್ತದೆ. ಆಗತಾನೇ ಕೊಟ್ಟ ಮೂತ್ರದ ಉಷ್ಣತೆ ಸುಮಾರು 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಾಂಸಖಂಡಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಒಂದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದು ಸಾಂದ್ರತೆಯೂ ಕಡಿಮೆಯಿದ್ದರೆ ಮೂತ್ರ ತೆಳುವಾಗಿದೆ ಎಂದು ಬರೆಯುತ್ತಾರೆ. ಇದನ್ನು ಮೋಸ ಎಂದು ಓದುವವರು ಬಹಳ. ಹೆಚ್ಚು ನೀರು ಕುಡಿಯುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಮಾಂಸಖಂಡ ಕಡಿಮೆಯಿರುವ ವೃದ್ಧರು, ಗರ್ಭಿಣಿಯರು, ಇವರಲ್ಲಿ ತೆಳು ಮೂತ್ರ ಸಹಜ. ಮುಂಜಾನೆಯ ಮೊದಲ ಮೂತ್ರವನ್ನು ಮತ್ತೊಮ್ಮೆ ತೆಗೆದರೆ ಸಾಮಾನ್ಯವಾಗಿ ವಿಷಯ ತಿಳಿಯಾಗುತ್ತದೆ. ಭಯದಿಂದ ಕೊಡಕ್ಕೆ ಕೊಡ ನೀರು ಕುಡಿದು ಹೋಗಬೇಡಿ. ಅದು ಅನುಮಾನ ಹುಟ್ಟಿಸುತ್ತದೆ, ಮಿತಿಮೀರಿದರೆ ರಕ್ತದ ಸೋಡಿಯಂ ಕುಸಿದು ಜೀವಕ್ಕೂ ಕುತ್ತು.

ದೃಢೀಕರಣ ಪರೀಕ್ಷೆಯನ್ನು ಕೇಳಿ ಪಡೆಯಿರಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಸ್ಕ್ರೀನಿಂಗ್, ಅಂದರೆ ಇಲ್ಲಿಯವರೆಗೆ ಹೇಳಿದ ಪ್ರಾಥಮಿಕ ಪರೀಕ್ಷೆಯ ಪಾಸಿಟಿವ್ ಒಂದು ಅನುಮಾನ ಮಾತ್ರ. ಆ ಅನುಮಾನವನ್ನು ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಬೇರೆಯೇ ತಂತ್ರದಿಂದ ಪರಿಶೀಲಿಸುವವರೆಗೆ ಯಾರ ಬದುಕಿನ ಬಗ್ಗೆಯೂ ತೀರ್ಮಾನ ಆಗಬಾರದು. ಅನಿಲ ಅಥವಾ ದ್ರವ ಕ್ರೊಮಟೋಗ್ರಫಿಯ ಮೂಲಕ ಮೂತ್ರದ ವಸ್ತುಗಳನ್ನು ಮೊದಲು ಬೇರ್ಪಡಿಸಿ, ಆಮೇಲೆ ಪ್ರತಿಯೊಂದು ಅಣುವನ್ನು ಅದರ ತೂಕ ಮತ್ತು ಒಡೆಯುವ ರೀತಿಯಿಂದ ಗುರುತಿಸುತ್ತಾರೆ. ರಿಫಾಂಪಿಸಿನ್ ಇಲ್ಲಿ ಮಾರ್ಫಿನ್ ಆಗಿ ಕಾಣುವ ಸಾಧ್ಯತೆಯಿಲ್ಲ.

ಇದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಒಂದು ಲೆಕ್ಕ ಸಾಕು. ಸಾವಿರ ಉದ್ಯೋಗಿಗಳಿದ್ದಾರೆ, ಅವರಲ್ಲಿ ಹತ್ತು ಮಂದಿ ಮಾತ್ರ ನಿಜವಾಗಿ ಓಪಿಯೇಟ್ ಸೇವಿಸಿದ್ದಾರೆ ಎಂದುಕೊಳ್ಳೋಣ. ಪರೀಕ್ಷೆ ಆ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ ಎನ್ನೋಣ. ಸೇವಿಸದವರಲ್ಲಿ ನೂರಕ್ಕೆ ಮೂವರನ್ನು ಮಾತ್ರ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಕೇಳಲು ಚೆನ್ನಾಗಿಯೇ ಇದೆ. ಆದರೆ ಸೇವಿಸದವರು 990 ಮಂದಿ, ಅವರಲ್ಲಿ ನೂರಕ್ಕೆ ಮೂವರೆಂದರೆ ಸುಮಾರು 30. ಒಟ್ಟು 39 ಪಾಸಿಟಿವ್‌ಗಳಲ್ಲಿ 30 ಮಂದಿ ನಿರಪರಾಧಿಗಳು! ಸೇವಿಸುವವರು ವಿರಳವಾಗಿರುವ ಕಡೆ ಎಲ್ಲರನ್ನೂ ಪರೀಕ್ಷಿಸಿ, ದೃಢೀಕರಣವಿಲ್ಲದೆ ಕ್ರಮ ಕೈಗೊಂಡರೆ ಆಗುವುದು ಇದೇ.

ಸ್ಕ್ರೀನಿಂಗ್ ಪಾಸಿಟಿವ್ ಬಂದ ದಿನವೇ ಲಿಖಿತವಾಗಿ ದೃಢೀಕರಣ ಕೋರಿ. ಅದೇ ಮಾದರಿಯನ್ನು ಉಳಿಸಿಕೊಂಡಿದ್ದಾರೆಯೇ, ಎಷ್ಟು ದಿನ ಇಡುತ್ತಾರೆ, ಸಂಗ್ರಹದ ವೇಳೆ ಎರಡನೆಯ ಬಾಟಲಿಗೆ ಹಾಕಿ ಮೊಹರು ಮಾಡಿದ್ದರೇ ಎಂದು ಕೇಳಿ. ಬಾಟಲಿಯ ಮೇಲಿನ ಹೆಸರು, ಸಹಿ, ದಿನಾಂಕ, ಕೈಯಿಂದ ಕೈಗೆ ದಾಟಿದ ದಾಖಲೆ ಇವನ್ನೂ ನೋಡಿ. ಕೆಲವು ದಿನಗಳ ನಂತರ ಹೊಸದಾಗಿ ಕೊಟ್ಟ ಮೂತ್ರ ನೆಗೆಟಿವ್ ಬಂದರೆ ಹಳೆಯದು ತಪ್ಪೆಂದು ಸಾಬೀತಾಗುವುದಿಲ್ಲ. ಹಳೆಯ ಮಾದರಿಯನ್ನೇ ಮರುಪರೀಕ್ಷಿಸಬೇಕು.

ದೃಢೀಕರಣದ ವರದಿಯಲ್ಲಿನ ಹೆಸರುಗಳನ್ನು ಜೋಡಿಸಿ ಓದುವುದು

ಈ ವರದಿಯಲ್ಲಿ ಹಲವು ಹೆಸರುಗಳೂ ಅಂಕಿಗಳೂ ಇರುತ್ತವೆ. ಒಂದು ಔಷಧ ದೇಹದಲ್ಲಿ ಒಡೆದು ಇನ್ನೊಂದಾಗುವುದರಿಂದ, ಸೇವಿಸದ ಔಷಧದ ಹೆಸರೂ ಅಲ್ಲಿ ಕಾಣಿಸಬಹುದು. ಗಾಬರಿಯಾಗುವುದು ಇಲ್ಲಿಯೇ.

ಆಕ್ಸಿಕೋಡೋನ್ ಒಂದನ್ನೇ ತೆಗೆದುಕೊಂಡವರಲ್ಲಿ ನಾರ್‌ಆಕ್ಸಿಕೋಡೋನ್ ಮತ್ತು ಆಕ್ಸಿಮಾರ್ಫೋನ್ ಕಾಣುವುದು ಸಹಜ. ಹೈಡ್ರೋಕೋಡೋನ್ ತೆಗೆದುಕೊಂಡವರಲ್ಲಿ ಹೈಡ್ರೋಮಾರ್ಫೋನ್ ಇರುತ್ತದೆ. ಮಾರ್ಫಿನ್ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಹೈಡ್ರೋಮಾರ್ಫೋನ್ ಅತಿ ಸ್ವಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ಅದನ್ನು ನೋಡಿ 'ಕದ್ದು ಇನ್ನೊಂದು ಔಷಧ ನುಂಗುತ್ತಿದ್ದಾರೆ' ಎನ್ನಲಾಗದು. ಕೋಡೀನ್‌ನಿಂದ ಮಾರ್ಫಿನ್ ಬರುತ್ತದೆ. ಮಾರ್ಫಿನ್‌ನಿಂದ ಕೋಡೀನ್ ಎಂದೂ ಬರುವುದಿಲ್ಲ. ಮೆಥಡೋನ್ ಜೊತೆಗೆ ಅದು ಒಡೆದು ಆಗುವ 'ಇಡಿಡಿಪಿ', ಬುಪ್ರೆನಾರ್ಫಿನ್ ಜೊತೆಗೆ ನಾರ್‌ಬುಪ್ರೆನಾರ್ಫಿನ್ ಇದ್ದರೆ ಔಷಧ ದೇಹದ ಮೂಲಕವೇ ಹಾದು ಬಂದಿದೆ ಎಂದು ತಿಳಿಯುತ್ತದೆ, ಚಿಕಿತ್ಸೆಯಲ್ಲಿರುವವರಿಗೆ ಅದು ಒಳ್ಳೆಯ ಸುದ್ದಿ.

ಹೆರಾಯಿನ್ ಸೇವನೆಗೆ ಸ್ಪಷ್ಟ ಗುರುತು ಒಂದೇ, 6-ಅಸಿಟೈಲ್‌ಮಾರ್ಫಿನ್. ಹೆರಾಯಿನ್ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಇದಾಗಿ ಒಡೆಯುತ್ತದೆ, ಇದು ಮುಂದೆ ಮಾರ್ಫಿನ್ ಆಗುತ್ತದೆ. ಗಸಗಸೆಯಿಂದಾಗಲಿ ಕೋಡೀನ್‌ನಿಂದಾಗಲಿ ಮಾರ್ಫಿನ್ ಮಾತ್ರೆಯಿಂದಾಗಲಿ ದೇಹದಲ್ಲಿ ಇದು ಹುಟ್ಟುವುದಿಲ್ಲ. ಆದರೆ ಮೂತ್ರದಲ್ಲಿ ಸಾಮಾನ್ಯವಾಗಿ ಒಂದು ದಿನದೊಳಗೆ ಮರೆಯಾಗುತ್ತದೆ. ಆದ್ದರಿಂದ ಇದು ಕಂಡರೆ ಹೆರಾಯಿನ್ ಎನ್ನಬಹುದು, ಕಾಣದಿದ್ದರೆ ಹೆರಾಯಿನ್ ಅಲ್ಲ ಎನ್ನಲಾಗುವುದಿಲ್ಲ. ಮಾರ್ಫಿನ್ ಒಂದೇ ಕಂಡಾಗ ಮಾರ್ಫಿನ್ ಮಾತ್ರೆ, ಹೆರಾಯಿನ್, ಗಸಗಸೆ, ಅಥವಾ ಎರಡು ದಿನ ಹಿಂದೆ ಕುಡಿದ ಕೋಡೀನ್ ಸಿರಪ್‌ನ ಕೊನೆಯ ಅಂಶ, ಯಾವುದೂ ಆಗಿರಬಹುದು.

ಅಂಕಿ ದೊಡ್ಡದಾದಷ್ಟೂ ಸೇವಿಸಿದ್ದು ಹೆಚ್ಚು ಎಂದು ಓದಬೇಡಿ. ಬೆಳಿಗ್ಗೆ ಗಟ್ಟಿಯಾಗಿದ್ದ ಮೂತ್ರದಲ್ಲಿ ಇದ್ದ ಪ್ರಮಾಣ, ಎರಡು ಲೋಟ ನೀರು ಕುಡಿದ ಮೇಲೆ ಮಧ್ಯಾಹ್ನಕ್ಕೆ ಎಷ್ಟೋ ಇಳಿದಿರುತ್ತದೆ. ಮಾರ್ಫಿನ್‌ನ ಹೆಚ್ಚಿನ ಭಾಗ ಮೂತ್ರದಲ್ಲಿ ದೇಹವೇ ತಯಾರಿಸುವ ಗ್ಲುಕುರೊನಿಕ್ ಆಮ್ಲದ ಜೊತೆ ಸೇರಿಕೊಂಡಿರುತ್ತದೆ. ಅದನ್ನು ಬಿಡಿಸಿ ಒಟ್ಟು ಮಾರ್ಫಿನ್ ಅಳೆಯುವ ಪ್ರಯೋಗಾಲಯದ ಅಂಕಿಯನ್ನೂ ಬಿಡಿಯಾಗಿರುವ ಮಾರ್ಫಿನ್ ಮಾತ್ರ ಅಳೆಯುವ ಪ್ರಯೋಗಾಲಯದ ಅಂಕಿಯನ್ನೂ ಹೋಲಿಸುವಂತಿಲ್ಲ. ಮೂತ್ರದ ಅಂಕಿಯಿಂದ ಎಷ್ಟು ಮಾತ್ರೆ ನುಂಗಿದರು ಎಂದು ಲೆಕ್ಕ ಹಾಕುವ ವಿಶ್ವಾಸಾರ್ಹ ಸೂತ್ರ ಇಲ್ಲ. ವಾಹನ ಓಡಿಸುವಾಗ ಅಮಲಿನಲ್ಲಿದ್ದರೇ ಎಂಬ ಪ್ರಶ್ನೆಗೂ ಮೂತ್ರ ಉತ್ತರ ಕೊಡುವುದಿಲ್ಲ.

ಅನಿರೀಕ್ಷಿತ ಫಲಿತಾಂಶ ಬಂದಾಗ ಜನರೊಡನೆ ನಡೆದುಕೊಳ್ಳುವ ರೀತಿ

ವೈದ್ಯರು ಬರೆದುಕೊಟ್ಟ ಔಷಧ ಮೂತ್ರದಲ್ಲಿ ಕಾಣಲಿಲ್ಲವೇ? ಪರೀಕ್ಷೆ ಆ ಔಷಧವನ್ನು ಹಿಡಿಯುವಂಥದ್ದೇ ಎಂದು ಮೊದಲು ನೋಡಿ. ಆಮೇಲೆ ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡರು ಎಂದು ಸಮಾಧಾನದಿಂದ ಕೇಳಿ. ಮಲಬದ್ಧತೆ ತಾಳಲಾರದೆ ಡೋಸ್ ಕಡಿಮೆ ಮಾಡಿರಬಹುದು, ನೋವು ಜಾಸ್ತಿಯಾಗಿ ಬೇಗ ನುಂಗಿ ಖಾಲಿಯಾಗಿರಬಹುದು, ಅಂಗಡಿಯಲ್ಲಿ ಔಷಧ ಸಿಗದೇ ಇದ್ದಿರಬಹುದು. ಮಾರಾಟದ ಅನುಮಾನ ಈ ಎಲ್ಲದರ ನಂತರ ಬರಬೇಕಾದದ್ದು.

ಪಾಸಿಟಿವ್ ಬಂದು ಅದು ದೃಢಪಟ್ಟರೂ, ದೀರ್ಘಕಾಲ ಓಪಿಯಾಯ್ಡ್ ತೆಗೆದುಕೊಳ್ಳುತ್ತಿರುವವರ ಔಷಧವನ್ನು ಒಮ್ಮೆಲೇ ನಿಲ್ಲಿಸಬಾರದು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು: ಥಟ್ಟನೆ ನಿಲ್ಲಿಸಿದಾಗ ತೀವ್ರ ಸಂಕಟ, ನೋವಿನ ಮರುಕಳಿಕೆ, ಆತ್ಮಹತ್ಯೆಯ ಯೋಚನೆಗಳು ಕಾಣಿಸಿಕೊಂಡಿವೆ. ವ್ಯಸನವಿದೆ ಎಂದು ಖಚಿತವಾದರೆ ಬುಪ್ರೆನಾರ್ಫಿನ್, ಮೆಥಡೋನ್‌ನಂತಹ ಪರಿಣಾಮಕಾರಿ ಚಿಕಿತ್ಸೆಗಳಿವೆ. ಫಲಿತಾಂಶ ಆ ಬಾಗಿಲು ತೆರೆಯಲು ಬಳಕೆಯಾಗಬೇಕು.

ಮನೆಯಲ್ಲಿ ಹರೆಯದ ಮಕ್ಕಳನ್ನು ಪರೀಕ್ಷಿಸಬೇಕೆಂದಿರುವ ತಂದೆತಾಯಿಯರಿಗೆ ನನ್ನ ಸಲಹೆ: ಗುಟ್ಟಾಗಿ ಮಾಡಬೇಡಿ. ಪಟ್ಟಿಯಿಂದ ತಿಳಿಯುವುದಕ್ಕಿಂತ ಹೆಚ್ಚಿನದು ಮಾತಿನಿಂದ ತಿಳಿಯುತ್ತದೆ, ಗುಟ್ಟಿನ ಪರೀಕ್ಷೆ ಬಯಲಾದರೆ ಆ ಮಾತೇ ನಿಂತುಹೋಗುತ್ತದೆ. ವೈದ್ಯರ ಬಳಿ ಕರೆದುಕೊಂಡು ಹೋಗಿ, ಮಗುವಿಗೆ ಅವರೊಡನೆ ಏಕಾಂತದಲ್ಲಿ ಮಾತನಾಡಲು ಬಿಡಿ.

ಕೊನೆಯದಾಗಿ, ಪರೀಕ್ಷೆಗೆ ಕಾಯಲೇಬಾರದ ಸಂದರ್ಭವೊಂದಿದೆ. ಕರೆದರೂ ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ಬಹಳ ನಿಧಾನವಾಗಿದೆ ಅಥವಾ ಗೊರಗೊರ ಸದ್ದು ಬರುತ್ತಿದೆ, ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟು ಕಿರಿದಾಗಿದೆ, ತುಟಿ ನೀಲಿಗಟ್ಟಿದೆ ಎಂದರೆ ಅದು ಓಪಿಯಾಯ್ಡ್ ಅತಿಸೇವನೆಯ ಲಕ್ಷಣ. ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೆಯ ಪ್ರಮಾಣಕ್ಕೇ ಮರಳಿದವರಲ್ಲಿ ಈ ಅಪಾಯ ಅತಿ ಹೆಚ್ಚು, ಏಕೆಂದರೆ ದೇಹ ಅಷ್ಟರಲ್ಲಿ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಓಪಿಯೇಟ್ ಪಟ್ಟಿ ನೆಗೆಟಿವ್ ತೋರಿಸಿದರೂ ಫೆಂಟನಿಲ್ ಇರಬಹುದು. ತುರ್ತು ಸೇವೆಗೆ ಕರೆ ಮಾಡಿ, ಓಪಿಯಾಯ್ಡ್ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧ ಇದ್ದರೆ ಕೂಡಲೇ ಕೊಡಿ, ಉಸಿರಾಟ ನಿಂತಿದ್ದರೆ ಬಾಯಿಂದ ಬಾಯಿಗೆ ಉಸಿರು ಕೊಡಿ, ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ನಲೋಕ್ಸೋನ್‌ನ ಪರಿಣಾಮ 30ರಿಂದ 90 ನಿಮಿಷಗಳಲ್ಲಿ ಇಳಿಯುತ್ತದೆ, ಸೇವಿಸಿದ ಔಷಧ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಆದ್ದರಿಂದ ವ್ಯಕ್ತಿ ಎದ್ದು ಕುಳಿತು 'ನನಗೇನೂ ಆಗಿಲ್ಲ' ಎಂದರೂ ಒಬ್ಬಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.